ತಲೆಮರೆಸಿಕೊಂಡವಳು ಹೊಲಿದ ಸಾಡೊ ರವಿಕೆ

ದುಬೈಯ ಸತ್ವಾ ಬಡಾವಣೆಯ ಒಂದೇ ಅಂಗಡಿಯಲ್ಲಿ ಒಂಬತ್ತು ವರ್ಷ ರವಿಕೆ ಹೊಲಿದೆ. ಯಜಮಾನಿ ನಮ್ಮ ಊರಿನ ಕಡೆಯವರೇ, ನನ್ನಂತೆ ಕೊಂಕಣಿ ಮಾತಾಡುವ ಕ್ರೈಸ್ತರು. ನನ್ನ ವೀಸಾ ಅವರ ಅಂಗಡಿಯ ಹೆಸರಿನಲ್ಲಿದ್ದರೂ ನಾನು ಎಂದೂ ಮೇಡಂ ಎಂದು ಕರೆದವಳಲ್ಲ. ಮೊದಲ ದಿನದಿಂದಲೂ ಅಕ್ಕ.

ಬರ್ ದುಬೈಯ ದೊಡ್ಡ ಅಂಗಡಿಯವರು ಕಟಿಂಗ್ ಕೆಲಸಕ್ಕೆ ಕರೆದಾಗ ಹೆದರುತ್ತಲೇ ಅಕ್ಕನಿಗೆ ಹೇಳಿದೆ. ಅವರು ಕೂಗಾಡಲಿಲ್ಲ, ಕಣ್ಣೊರೆಸಿಕೊಂಡರು.

"ಹೋಗು ಮಗಾ, ನಿಂಗೆ ಒಳ್ಳೇದಾಗ್ಲಿ. ವೀಸಾ ಕ್ಯಾನ್ಸಲ್ ನಾನೇ ಮಾಡಿಸ್ತೇನೆ. ಅಲ್ಲಿವರೆಗೆ ಅಂಗಡಿಗೆ ಬರುದು ಬೇಡ, ರೂಮಲ್ಲೇ ಆರಾಮ ಮಾಡು."

ಆಮೇಲೆ ಸಾಡೊ ರವಿಕೆಯ ಬಟ್ಟೆಯಿದ್ದ ಒಂದು ಚೀಲ ಕೈಗಿಟ್ಟರು. ಅವರ ಮಗಳ ಮದುವೆ ಹತ್ತಿರ ಬಂದಿತ್ತು. ಸಾಡೊ ಎಂದರೆ ನಮ್ಮಲ್ಲಿ ಮದುಮಗಳು ಉಡುವ ಕೆಂಪು ಸೀರೆ. ಅದರ ರವಿಕೆಯನ್ನು ಸಿಕ್ಕಸಿಕ್ಕವರ ಕೈಗೆ ಕೊಡುವುದಿಲ್ಲ. ನನ್ನ ಕೈಗೆ ಕೊಟ್ಟರಲ್ಲ ಎಂದು ಹೆಮ್ಮೆಯಿಂದ ಬೀಗಿದೆ.

ನಾಲ್ವರು ಮಲಗುವ ರೂಮಿನಲ್ಲಿ ಮಂಚಕ್ಕೂ ಕಿಟಕಿಗೂ ನಡುವೆ ಮೆಷಿನ್ ತೂರಿಸಿ ಕುಳಿತೆ. ಮನೆಯಲ್ಲಿರಲು ಹೇಳಿದ್ದನ್ನು ಬರೆಸಿಕೋ, ಇಲ್ಲಿ ಏಳು ದಿನ ಕೆಲಸಕ್ಕೆ ಹೋಗದಿದ್ದರೆ ಓಡಿಹೋದಳೆಂದು ಯಜಮಾನರು ದೂರು ಕೊಡಬಹುದು ಎಂದು ರೂಮಿನ ಜೊತೆಯವಳು ಎಚ್ಚರಿಸಿದಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು. ಅಕ್ಕನ ಹತ್ತಿರ ಕಾಗದ ಕೇಳುವುದೇ? ಎಂಥ ಪೆದ್ದಿ ನಾನು!

ಎಂಟನೇ ದಿನ ಸಂಜೆ ಅಕ್ಕ ಮೀನಿನ ಸಾರು ಹಿಡಿದುಕೊಂಡು ಬಂದರು. ರವಿಕೆಯ ಜರಿ ಸವರಿ ನೋಡಿದರು, ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ರವಿಕೆ ತೆಗೆದುಕೊಂಡು ಹೋದರು.

ಮುಂದಿನ ವಾರ ಹೊಸ ವೀಸಾದ ಅರ್ಜಿ ತುಂಬಿಸಲು ಟೈಪಿಂಗ್ ಸೆಂಟರಿಗೆ ಹೋದೆ. ಕಂಪ್ಯೂಟರ್ ನೋಡಿದ ಮಲಯಾಳಿ ಗುಮಾಸ್ತ ದನಿ ತಗ್ಗಿಸಿದ. ನನ್ನ ಹೆಸರಿನ ಮುಂದೆ ತಲೆಮರೆಸಿಕೊಂಡವಳು ಎಂದಿತ್ತು. ಹಿಡಿದರೆ ಊರಿಗೆ ಅಟ್ಟುತ್ತಾರೆ, ಮತ್ತೆ ಈ ದೇಶಕ್ಕೆ ಕಾಲಿಡುವುದು ಕಷ್ಟ ಎಂದ. ದೂರಿನ ತಾರೀಕು ಓದಿಸಿಕೊಂಡೆ. ಮೀನಿನ ಸಾರು ಬಂದ ದಿನವೇ, ಬೆಳಿಗ್ಗೆ.

ಅಲ್ಲಿಂದಲೇ ಫೋನ್ ಮಾಡಿದೆ. ಅಕ್ಕ ಅಲ್ಲಗಳೆಯಲೂ ಇಲ್ಲ.

"ನೀನು ಹೋದ್ರೆ ಅಂಗಡಿಯಲ್ಲಿ ಹೊಲಿಯುವ ಉಳಿದ ಇಬ್ರೂ ಹೋಗ್ತಾರೆ. ಅವ್ರಿಗೆ ಸ್ವಲ್ಪ ಹೆದರಿಕೆ ಇರ್ಲಿ ಅಂತ ಮಾಡಿದ್ದು, ದೊಡ್ಡದು ಮಾಡ್ಬೇಡ ಮಾರಾಯ್ತಿ. ಮತ್ತೆ, ರವಿಕೆಯ ತೋಳು ಬಿಗಿ ಉಂಟು. ಸ್ವಲ್ಪ ಬಿಡಿಸಿ ಕೊಡ್ತಿಯಾ?"

ತಂದುಕೊಡಿ ಎಂದೆ. ದೂರು ಕೊಟ್ಟವರೇ ಹಿಂತೆಗೆದುಕೊಂಡರೆ ಬೇಗ ಮುಗಿಯುತ್ತದೆ ಎಂದು ಗುಮಾಸ್ತ ಹೇಳಿದ್ದ. ದೂರು ಹಿಂತೆಗೆಯುವ ಕಾಗದವನ್ನು ಅವನಿಂದಲೇ ಟೈಪ್ ಮಾಡಿಸಿಕೊಂಡೆ. ತೋಳನ್ನೂ ಬಿಡಿಸಿದೆ, ಮದುಮಗಳು ನನಗೇನು ಮಾಡಿದ್ದಳು? ಆದರೆ ಅಕ್ಕ ಒಯ್ಯಲು ಬಂದಾಗ ರವಿಕೆ ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಕಾಗದ ಮುಂದೆ ಮಾಡಿದೆ. ಅಂಗಡಿಯ ಮೊಹರೂ ತರಿಸಿ ಎಂದೆ. ಮದುವೆಗೆ ಮೂರೇ ದಿನ ಉಳಿದಿತ್ತು. ಕೊನೆಗೆ ಪೆನ್ನು ತೆಗೆದುಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಕೇಳಿದರು.

"ಇಲ್ಲಿ, ಮೇಡಂ" ಎಂದೆ.