ಮೈಗೆ ಹಚ್ಚಿದ ಬ್ಯಾಡಗಿ ಬಣ್ಣ

ಡಾಕಪ್ಪ ತೀರಿಕೊಂಡು ಹನ್ನೆರಡನೆಯ ದಿನ, ಬಂದ ನೆಂಟರೆಲ್ಲ ಹೊರಟುಹೋದ ಮೇಲೆ, ಅವನ ಹೆಂಡತಿ ದುರ್ಗಾ ಟ್ರಂಕಿನ ತಳದಿಂದ ಒಂದು ನೋಟುಬುಕ್ಕು ತೆಗೆದು ಅವನ ಗೆಳೆಯರ ಮುಂದಿಟ್ಟಳು. ಅದರ ಅಂಚುಗಳು ಮೆಣಸಿನಕಾಯಿ ಧೂಳು ಕುಡಿದು ಕೆಂಪಾಗಿದ್ದವು. ಒಳಗೆ ಅವನ ದಪ್ಪ ದಪ್ಪ ಅಕ್ಷರಗಳಲ್ಲಿ ಒಂದೇ ಪ್ರಶ್ನೆಗೆ ಬರೆದುಕೊಂಡ ನೂರಾರು ಉತ್ತರಗಳಿದ್ದವು. ಪ್ರಶ್ನೆ ಇಷ್ಟೇ: ‘ಏನ್ ತಿಂತೀರಿ?’

ಗಟ್ಟಿ ಮೈಯೊಂದು ಕಣ್ಣಿಗೆ ಬಿದ್ದರೆ ಅವನು ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವನ ರಟ್ಟೆ ಮುಟ್ಟಿ ನೋಡಿ ಕೇಳಿಯೇಬಿಡುತ್ತಿದ್ದ. ಕರ್ಜಗಿಯ ರೈತನೊಬ್ಬ ಒಮ್ಮೆ “ಕೈ ತಗೀಲೇ, ಎತ್ತಿನ ಯಾಪಾರ ಮಾಡಾಕ ಬಂದೀಯೇನು?” ಎಂದು ಗದರಿದವನು, ಇಳಿಯುವ ಊರು ಬರುವುದರೊಳಗೆ ರೊಟ್ಟಿಯ ಜೊತೆ ತಿನ್ನಲು ತನ್ನ ತಾಯಿ ಕುಟ್ಟುವ ಅಗಸಿ ಹಿಂಡಿಗೆ ಬೀಜವನ್ನು ಹೇಗೆ ಹುರಿಯಬೇಕು ಎಂಬವರೆಗೆ ಹೇಳಿ ಇಳಿದಿದ್ದ.

ಡಾಕಪ್ಪನ ಊರು ಮೋಟೆಬೆನ್ನೂರು. ಹದಿನೆಂಟನೇ ವಯಸ್ಸಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿಗೆ ಸೇರಿದ. ಹನ್ನೊಂದು ವರ್ಷ ಚೀಲ ಹೊತ್ತ. ಪೇಟೆ ಇಲ್ಲದ ದಿನ ಹಾವೇರಿಯ ಜಿಮ್ಮಿಗೆ, ಭಾನುವಾರ ರಾಣೆಬೆನ್ನೂರಿನ ಗರಡಿಮನೆಗೆ ಹೋಗುತ್ತಿದ್ದ. ಮೂರೂ ಊರುಗಳು ಒಂದು ತಾಸಿನ ಬಸ್ಸಿನ ದಾರಿಯೊಳಗೇ ಇವೆ. ಆದರೆ ಮೂರೂ ಕಡೆ ಮೈ ಬೇರೆ ಬೇರೆಯಾಗಿ ಬೆಳೆಯುತ್ತದೆ ಎಂಬುದನ್ನು ಕಂಡುಹಿಡಿದವನು ಅವನೇ. ಬ್ಯಾಡಗಿಯ ಹಮಾಲರಿಗೆ ಮೈ ಬರುವುದು ಕತ್ತಿನ ಹಿಂಭಾಗ ಮತ್ತು ಬೆನ್ನಿಗೆ. ರಾಣೆಬೆನ್ನೂರಿನ ಪೈಲ್ವಾನರಿಗೆ ತೊಡೆಗೆ ಮತ್ತು ಹೊಟ್ಟೆಗೆ. ಹಾವೇರಿಯ ಜಿಮ್ಮಿನ ಹುಡುಗರಿಗೆ ಅಂಗಿಯ ಹೊರಗೆ ಕಾಣುವಷ್ಟಕ್ಕೆ ಮಾತ್ರ.

ತಿನ್ನುವುದರಲ್ಲೂ ಹಾಗೆಯೇ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಯೂಸುಫಸಾಬರನ್ನು ಕೇಳಿದರೆ “ದಿನಾ ಐವತ್ತು ಬಾದಾಮಿ, ಎರಡು ಸೇರು ಹಾಲು, ಅಂಗೈ ತುಂಬ ತುಪ್ಪ” ಎನ್ನುತ್ತಿದ್ದರು. ಎದುರಿಗೆ ಕೂತು ನೋಡಿದರೆ ಕಲ್ಲಿನ ಮೇಲೆ ತೇಯುತ್ತಿದ್ದದ್ದು ಎಂಟೇ ಬಾದಾಮಿ. ಹಾವೇರಿಯ ಹುಡುಗರು ಬಾಯೇ ಬಿಡುತ್ತಿರಲಿಲ್ಲ. ಪ್ರೋಟೀನ್ ಡಬ್ಬಿಯ ಲೇಬಲ್ಲು ಕಿತ್ತು, ಒಳಗಿದ್ದುದನ್ನು ಹಾರ್ಲಿಕ್ಸ್ ಬಾಟಲಿಗೆ ಸುರಿದುಕೊಂಡು, “ಬರೇ ಮನೀ ಊಟ ಅಣ್ಣಾರ” ಎನ್ನುತ್ತಿದ್ದರು. ಬ್ಯಾಡಗಿಯ ಹಮಾಲರಿಗೆ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ಶೇಂಗಾ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ “ಏನೂ ತಿನ್ನೂದಿಲ್ಲಪಾ” ಎನ್ನುತ್ತಿದ್ದರು. ‘ರಾಣೆಬೆನ್ನೂರಿನವರು ಹೆಚ್ಚು ಹೇಳತಾರ, ಹಾವೇರಿಯವರು ಮುಚ್ಚಿಡತಾರ, ನಮ್ಮವರಿಗೆ ಗೊತ್ತ ಇಲ್ಲ’ ಎಂದು ನೋಟುಬುಕ್ಕಿನಲ್ಲಿದೆ.

ಇಷ್ಟೆಲ್ಲ ಹುಡುಕುತ್ತಿದ್ದವನ ಎದೆ ಮಾತ್ರ ಒಳಗೆ ಕೆಡುತ್ತಿತ್ತು. ಮೆಣಸಿನಕಾಯಿ ಘಾಟಿಗೆ ಕೆಮ್ಮು ಹಿಡಿದು ಎರಡು ವರ್ಷವಾಗಿತ್ತು. ಅವನು ಓಣಿಯ ಮೂಲೆ ತಿರುಗುವಾಗ ಕೆಮ್ಮು ಮೊದಲು ಬರುತ್ತಿತ್ತು, ಆಮೇಲೆ ಅವನು. ದುರ್ಗಾ ಅದನ್ನು ಕೇಳಿಯೇ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು. ಡಾಕ್ಟರು ನೇರವಾಗಿ ಹೇಳಿದ್ದರು: “ಆ ಪ್ಯಾಟಿ ಬಿಡು. ನೀ ಅದನ್ನ ಬಿಡಲಿಲ್ಲಂದ್ರ ಅದು ನಿನ್ನ ಬಿಡೂದಿಲ್ಲ.” ಬಿಟ್ಟು ಮಾಡುವುದೇನು? ಹೊರುವುದೊಂದು ಬಿಟ್ಟು ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಹಾವೇರಿಯ ಜಿಮ್ಮು ಚೇತನಕುಮಾರನದು. ಅವನೇ ಒಂದು ದಾರಿ ತೋರಿಸಿದ. ೨೦೦೬ರ ಡಿಸೆಂಬರಿನಲ್ಲಿ ಹಾವೇರಿಯಲ್ಲೇ ದೇಹದಾರ್ಢ್ಯ ಸ್ಪರ್ಧೆ ಇತ್ತು. “ಮೊದಲ ಮೂರರಾಗ ಬಾ. ಹುಡುಗರಿಗೆ ಕಲಿಸೋ ಕೆಲಸ ನಿನಗ. ಸುಮ್ನ ಇಟ್ಕೊಂಡ್ರ ಹಮಾಲನ ಕಡೆ ಏನ್ ಕಲಿಯೂದು ಅಂತಾರ.”

ಈ ಸುದ್ದಿ ಕೇಳಿ ಯೂಸುಫಸಾಬರು ಗಡ್ಡ ನೀವಿಕೊಂಡರು. “ಎದುರಿಗೆ ಜೋಡಿ ಇಲ್ಲದ ಕುಸ್ತಿ ಅದು. ಗೆದ್ದರ ಯಾರನ್ನ ಕೆಡವಿದಿ ಅಂತ ಹೇಳ್ತೀ? ಕನ್ನಡೀನ್ನಾ?”

“ಕೆಮ್ಮನ್ನ ಕೆಡವಬೇಕಾಗೇತಿ ವಸ್ತಾದ್ರ” ಎಂದ ಡಾಕಪ್ಪ.

“ಕೆಡವು. ನಾ ಮಾತ್ರ ನೋಡಾಕ ಬರೂದಿಲ್ಲ” ಎಂದು ವಸ್ತಾದರು ಎದ್ದು ಹೋದರು.

ಮೂರು ತಿಂಗಳು ತಯಾರಿ ನಡೆಯಿತು. ಚೇತನಕುಮಾರ ಕೊಟ್ಟ ಪೌಡರನ್ನು ನೀರಿಗೆ ಕಲಸಿ ಕುಡಿದರೆ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಮಜ್ಜಿಗೆಯಲ್ಲಿ ಕುಡಿದ, ಅಂಬಲಿಯಲ್ಲಿ ಕುಡಿದ, ಕೊನೆಗೆ ಜೋಳದ ಹಿಟ್ಟಿಗೇ ಹಾಕಿಸಿದ. ರೊಟ್ಟಿ ಬಡಿಯಲು ಕೂತ ದುರ್ಗಾಳ ಕೈಗೆ ಹಿಟ್ಟು ಗೋಂದಿನ ಹಾಗೆ ಅಂಟಿಕೊಂಡಿತು. “ಇದನ್ನ ತಿಂದ್ರ ಮೈ ಬರತೈತೋ ಇಲ್ಲೋ, ಗೋಡಿಗೆ ಹಚ್ಚಿದ್ರ ಬಿರುಕು ಮುಚ್ಚತೈತಿ ನೋಡ್ರಿ” ಎಂದಳು. ಅದನ್ನೂ ಅವನು ನೋಟುಬುಕ್ಕಿನಲ್ಲಿ ಬರೆದುಕೊಂಡ.

ಕೊನೆಯ ವಾರ ಹೊಸದೊಂದು ತೊಡಕು ಗೊತ್ತಾಯಿತು. ವೇದಿಕೆಯ ದೀಪದ ಬೆಳಕಿಗೆ ಮೈಯ ಗೆರೆಗಳು ಎದ್ದು ಕಾಣಬೇಕಾದರೆ ಮೈಯ ಮೇಲಿನ ಕೂದಲು ಬೋಳಿಸಿ, ಕಡುಗಂದು ಬಣ್ಣ ಬಳಿದುಕೊಳ್ಳಬೇಕು. ಉಳಿದವರು ಹುಬ್ಬಳ್ಳಿ, ದಾವಣಗೆರೆಗಳಿಂದ ಬಣ್ಣದ ಡಬ್ಬಿ ತರಿಸಿದ್ದರು. ಡಾಕಪ್ಪನಿಗೆ ನಗು ಬಂತು. ದೇಶದ ತುಂಬ ಬಣ್ಣಕ್ಕಾಗಿ ಕೇಳಿ ತರಿಸಿಕೊಳ್ಳುವುದು ಯಾವ ಊರಿನ ಮೆಣಸಿನಕಾಯಿ? ಹೆಂಗಸರ ತುಟಿಬಣ್ಣಕ್ಕೂ ಇಲ್ಲಿಂದಲೇ ಹೋಗುತ್ತದೆ ಎಂದು ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬ್ಯಾಡಗಿ ಕಾಯಿಗೆ ಇರುವುದು ಬಣ್ಣ, ಖಾರ ಎಲ್ಲಿದೆ?

ಸುಕ್ಕುಗಟ್ಟಿದ ಒಳ್ಳೆಯ ಕಾಯಿ ಆರಿಸಿ, ಬೀಜ ತೆಗೆದು, ಸಿಪ್ಪೆಯನ್ನು ಶೇಂಗಾ ಎಣ್ಣೆಯಲ್ಲಿ ನೆನೆಹಾಕಿದ. ಮೂರು ದಿನಕ್ಕೆ ಎಣ್ಣೆ ದಾಳಿಂಬೆ ರಸದಂತಾಯಿತು. ದುರ್ಗಾ ತಲೆ ಚಚ್ಚಿಕೊಂಡಳು.

“ಒಗ್ಗರಣಿ ಹಾಕ್ಕೊಂಡು ಹೊಂಟೀರೇನು?”

“ತಡಿಯೇ, ಮೊದಲು ಪರೀಕ್ಷಾ ಮಾಡ್ತೇನಿ” ಎಂದು ಅವನು ಮುಂಗೈಗೆ ಒಂದಿಷ್ಟು ಹಚ್ಚಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ತಿರುಗಿದ. ಏನೂ ಆಗಲಿಲ್ಲ. ಬಣ್ಣ ಮಾತ್ರ ತಾಮ್ರದ ಕೊಡದಂತೆ ಹೊಳೆಯಿತು.

ತಪ್ಪಿದ್ದು ಅಲ್ಲಿಯೇ. ಆ ಕೈ ಹನ್ನೊಂದು ವರ್ಷ ಮೆಣಸಿನಕಾಯಿಯಲ್ಲಿ ಮುಳುಗೆದ್ದ ಕೈ, ಅದಕ್ಕೆ ಖಾರದ ಗುರುತೇ ಹತ್ತುತ್ತಿರಲಿಲ್ಲ. ಎದೆ, ಹೊಟ್ಟೆ, ತೊಡೆಗಳು ಸ್ಪರ್ಧೆಯ ದಿನ ಬೆಳಿಗ್ಗೆ ತಾನೇ ಮೊದಲ ಸಲ ಬ್ಲೇಡು ಕಂಡು ಹಸಿಯಾಗಿದ್ದವು. ಅವುಗಳನ್ನು ಅವನು ಕೇಳಲೇ ಇಲ್ಲ.

ವೇದಿಕೆ ಹತ್ತಿದಾಗ ಸಭಾಂಗಣ ಸಿಳ್ಳೆ ಹೊಡೆಯಿತು. ಕಂದು ಬಣ್ಣದ ಹನ್ನೊಂದು ಮಂದಿಯ ನಡುವೆ ಅವನೊಬ್ಬ ಹೊಸ ಇಟ್ಟಿಗೆಯಂತೆ ಕೆಂಪಗೆ ನಿಂತಿದ್ದ. ಮೊದಲ ನಿಮಿಷ ಬೆಚ್ಚಗೆನಿಸಿತು. ಎರಡನೆಯ ನಿಮಿಷಕ್ಕೆ ದೀಪದ ಕಾವಿಗೆ ಬೆವರಿಳಿದು ಎಣ್ಣೆ ಬ್ಲೇಡಿನ ಗೀರುಗಳಿಗೆ ಇಳಿಯಿತು. ಡಾಕಪ್ಪ ಹಲ್ಲು ಕಚ್ಚಿದ. ನರಗಳೆಲ್ಲ ಉಬ್ಬಿ ನಿಂತವು. ತೀರ್ಪುಗಾರರು ಮೆಚ್ಚಿ ಏನೋ ಬರೆದುಕೊಂಡರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದ್ದರೂ ಅವನು ತೋಳು ಇಳಿಸಲಿಲ್ಲ. ಮೂರನೆಯ ನಿಮಿಷ, ಮೊದಲ ಆರು ಮಂದಿಯನ್ನು ಮುಂದೆ ಕರೆದರು. ಅವರಲ್ಲಿ ಅವನ ನಂಬರೂ ಇತ್ತು. ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ “ಯವ್ವಾ!” ಎಂದು ಕೂಗಿ, ವೇದಿಕೆಯಿಂದ ಜಿಗಿದು, ಹಿಂದಿನ ಅಂಗಳದ ನಳಕ್ಕೆ ಓಡಿದ.

ನೀರು ಬಿದ್ದಷ್ಟೂ ಉರಿ ಹರಡಿತು. ಆಗ ಹಿಂದಿನಿಂದ ಯಾರೋ ತಣ್ಣಗಿನದೇನನ್ನೋ ಬೆನ್ನಿಗೆ ಸುರಿದರು. ತಿರುಗಿ ನೋಡಿದರೆ ಯೂಸುಫಸಾಬರು. ನೋಡುವುದಿಲ್ಲ ಎಂದಿದ್ದವರು ಕೊನೆಯ ಸಾಲಿನಲ್ಲಿ ಕೂತಿದ್ದರು. ಪಕ್ಕದ ಖಾನಾವಳಿಗೆ ಓಡಿ ಎರಡು ಗಡಿಗೆ ಮೊಸರು ತಂದಿದ್ದರು.

“ಮಗನ, ಖುರಾಕು ಹೊಟ್ಟಿಗೆ ಹಾಕ್ಕೋಬೇಕು, ಹೊಟ್ಟಿ ಮ್ಯಾಲಲ್ಲ” ಎನ್ನುತ್ತಾ ಎದೆಗೆಲ್ಲ ಮೊಸರು ಬಳಿದರು.

ಡಾಕಪ್ಪ ಮುಲುಗುತ್ತಲೇ ಕೇಳಿದ: “ವಸ್ತಾದ್ರ, ಎದಿ ಲಗೂ ತಂಪಾತು. ತೊಡಿ ಯಾಕ ಆಗವಲ್ದು?”

ಫಲಿತಾಂಶದಲ್ಲಿ ಅವನ ಹೆಸರಿರಲಿಲ್ಲ. ಅರ್ಧ ತಾಸಿನ ಮೇಲೆ ಚೇತನಕುಮಾರ ಹಿಂದಿನ ಅಂಗಳಕ್ಕೆ ಬಂದಾಗ ಡಾಕಪ್ಪ ಮೈತುಂಬ ಮೊಸರು ಮೆತ್ತಿಕೊಂಡು ಒಂದು ಕಲ್ಲಿನ ಮೇಲೆ ಕೂತಿದ್ದ. ಸುತ್ತಲೂ ಬೇರೆ ಬೇರೆ ತಾಲೂಕಿನ ಸ್ಪರ್ಧಾಳುಗಳು. ನಗಲು ಬಂದವರು ಅಲ್ಲೇ ನಿಂತಿದ್ದರು. ಅವನು ಒಬ್ಬೊಬ್ಬರನ್ನೂ ಕೇಳುತ್ತಿದ್ದ, ಅವರು ಹೇಳುತ್ತಿದ್ದರು. ಯಾವ ಡಬ್ಬಿ, ಎಷ್ಟು ಚಮಚ, ಯಾವುದಕ್ಕೆ ಹೊಟ್ಟೆ ಕೆಟ್ಟಿತು ಎಂದೆಲ್ಲ. ಗೆದ್ದವನೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತಾನು ಎರಡು ದಿನದಿಂದ ನೀರು ಕುಡಿದಿಲ್ಲವೆಂದೂ ಕಣ್ಣು ಕತ್ತಲೆಗಟ್ಟುತ್ತಿದೆಯೆಂದೂ ಹೇಳುತ್ತಿದ್ದ. ಡಾಕಪ್ಪ ಗಡಿಗೆಯಲ್ಲಿ ಉಳಿದ ಮೊಸರಿಗೆ ನೀರು ಬೆರೆಸಿ ಅವನ ಕೈಗಿಟ್ಟು, “ಮೊದಲು ಕುಡಿ, ಆಮ್ಯಾಲ ಹೇಳು” ಎಂದ.

ಚೇತನಕುಮಾರ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ತನ್ನ ಜಿಮ್ಮಿನ ಹುಡುಗರು ತನಗೇ ಬಾಯಿ ಬಿಡುತ್ತಿರಲಿಲ್ಲ. ಯಾರು ಏನು ನುಂಗುತ್ತಾರೆಂದು ತಿಳಿಯದೆ ಎಷ್ಟೋ ದಿನ ಅವನಿಗೆ ಹೆದರಿಕೆಯಾಗಿತ್ತು.

“ಸೋಮವಾರದಿಂದ ಬಾ ಜಿಮ್ಮಿಗೆ” ಎಂದ.

“ಮೂರರಾಗ ಬರಲಿಲ್ಲಲ್ಲರಿ.”

“ಕಲಿಸೋದು ನಾ ಕಲಿಸ್ತೇನಿ. ನೀ ಕೇಳು.”

ಹೀಗೆ ಡಾಕಪ್ಪ ಪೇಟೆ ಬಿಟ್ಟ. ಹೊಸದಾಗಿ ಸೇರುವ ಪ್ರತಿಯೊಬ್ಬನ ಪಕ್ಕ ಕೂತು ಕೇಳುವುದು, ಬರೆದುಕೊಳ್ಳುವುದು, ಬೇಡದ್ದನ್ನು ಬಿಡಿಸುವುದು, ಇದೇ ಅವನ ಕೆಲಸವಾಯಿತು. ಅವನು ಬದುಕಿದ್ದು ಆಮೇಲೆ ಮೂರು ವರ್ಷ ಅಷ್ಟೇ. ಮೋಟೆಬೆನ್ನೂರಿನ ಬಳಿ ಹೆದ್ದಾರಿ ದಾಟುವಾಗ ಲಾರಿ ಬಡಿಯಿತು. ಆ ವಿಷಯದಲ್ಲಿ ಹೇಳುವುದಕ್ಕೆ ಇನ್ನೇನೂ ಇಲ್ಲ.

ದುರ್ಗಾ ಬೇರೆಯದನ್ನು ಹೇಳುತ್ತಾಳೆ. ಜಿಮ್ಮಿಗೆ ಸೇರಿ ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಾ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಬೆಚ್ಚಿ ಮೊರ ಕೆಡವಿದಳು. ನೋಡಿದರೆ ಗಂಡ. ಒಲೆ ಹೊತ್ತಿರಲಿಲ್ಲ, ಹಂಚು ಇಟ್ಟಿರಲಿಲ್ಲ.

“ಕೆಮ್ಮಿಲ್ಲ, ಕ್ಯಾಕರಿಕಿ ಇಲ್ಲ, ಕಳ್ಳನಂಗ ಬರ್ತೀರಲ್ರಿ! ರೊಟ್ಟಿ ಹೆಂಗ ಆಗ್ಬೇಕು?”

ಅವನು ಹೊಸ್ತಿಲಲ್ಲೇ ನಿಂತು ಎರಡು ಸಲ ಉಸಿರು ಎಳೆದು ಬಿಟ್ಟ. ಆಮೇಲೆ ಚೆಲ್ಲಿದ ಅಕ್ಕಿ ಬಳಿಯುತ್ತಾ ಅವಳ ಪಕ್ಕ ಕೂತ.