ಬಿಲ್ಲೆಯ ಪದ

ನಮ್ಮೂರು ಹಗರೆಯ ಹುಚ್ಚಮ್ಮನ ಹೆಸರಷ್ಟೇ ಹುಚ್ಚು, ಹೆಂಗಸು ಬಲು ಹುಷಾರಿ. ಎರಡು ಎಮ್ಮೆ ಸಾಕಿಕೊಂಡು, ಡೈರಿಗೆ ಹಾಲು ಹಾಕಿ ಬದುಕುತ್ತಿದ್ದಳು. ಯಾರ ಮನೆಯ ಹುಡುಗಿ ದೊಡ್ಡವಳಾದರೂ ಆರತಿಯ ದಿನ ಸೋಬಾನೆ ಹೇಳಲು ಅವಳೇ ಬರಬೇಕು. ನಾನಾದರೂ ಮೂರನೇ ಕ್ಲಾಸು, ಅವಳಿಗೆ ಅದೂ ಇಲ್ಲ. ಆದರೆ ಪದ ಎತ್ತಿದರೆ ಹೊತ್ತು ಮುಳುಗಿದರೂ ಮುಗಿಯುತ್ತಿರಲಿಲ್ಲ. ಹಾಡುವಾಗ ಕೂತವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದಳು. ಅದೇ ನನಗೆ ಆಗುತ್ತಿರಲಿಲ್ಲ.

ತೊಂಬತ್ತಾರನೇ ಇಸವಿಯಲ್ಲಿ ಪಕ್ಕದ ಮನೆಯ ಆರತಿ. ಗಂಡ ಹೋದಮೇಲೆ ನಾನು ಬಾಗಿಲ ಬಳಿಯೇ ಕೂರುವವಳು. ಹುಚ್ಚಮ್ಮ ಹೊಸದೊಂದು ಪದ ಎತ್ತಿದಳು.

ಉದ್ದಲಂಗ ಮಡಿಸಿಟ್ಟೆ, ಉದ್ದಸೀರೆ ನೀನುಟ್ಟೆ,
ಬಿಲ್ಲೆಯ ಯಾರಿಗೆ ಕೊಟ್ಟೆ, ಮಗಳೆ?

ಹೇಳುತ್ತಾ ನನ್ನನ್ನೇ ನೋಡಿದಳು. ನನ್ನ ಬಿಲ್ಲೆಯ ವಿಷಯ ಇವಳಿಗೆ ಹೇಗೆ ಗೊತ್ತು?

ಮದುವೆಯಾದ ವರ್ಷ ಅತ್ತೆ ಕೊಟ್ಟಿದ್ದ ಚಿನ್ನದ ಜಡೆಬಿಲ್ಲೆಯನ್ನು ಗುಟ್ಟಾಗಿ ತವರಿಗೆ ಕೊಟ್ಟಿದ್ದೆ. ತಮ್ಮ ಕಾಯಿಲೆ ಬಿದ್ದಿದ್ದ. ಗಂಡನ ಮನೆಯವರಿಗೆ ಕಳೆದುಹೋಯಿತೆಂದೆ. ಹಿಂದಿನ ದಿನ ನಾದಿನಿ ಕಮಲಾಕ್ಷಮ್ಮ, ಆಗಿನ್ನೂ ಸಣ್ಣ ಹುಡುಗಿ, ಅದನ್ನು ಜಡೆಗೆ ಹಾಕಿಕೊಂಡು ಕೆರೆಗೆ ಹೋಗಿದ್ದಳು. ಅವಳೇ ಕಳೆದಳೆಂದು ಏಟೆಲ್ಲ ಅವಳಿಗೆ ಬಿತ್ತು. ನಾನು ಬಾಯಿ ಬಿಡಲಿಲ್ಲ.

ಆಗ ನಮ್ಮ ಕೊಟ್ಟಿಗೆ ಬಾಚುತ್ತಿದ್ದವಳು ಹುಚ್ಚಮ್ಮನ ಅವ್ವ. ಅವಳು ನೋಡಿರಬೇಕು, ಮಗಳಿಗೆ ಹೇಳಿರಬೇಕು. ಅಂದಿನಿಂದ ಹುಚ್ಚಮ್ಮ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಹುಡುಕುವುದೇ ಆಯಿತು.

ಅಷ್ಟರಲ್ಲಿ ಮೊಮ್ಮಗಳು ಸಿಂಧು ದೊಡ್ಡವಳಾದಳು. ಆರತಿಗೆ ನಾದಿನಿ ಹಳೇಬೀಡಿನಿಂದ ಬರುವವಳಿದ್ದಳು. ಹುಚ್ಚಮ್ಮನ ಗಂಟಲು ಕೆಟ್ಟಿದೆ, ಬೇರೆಯವರನ್ನು ಕರೆಯೋಣ ಎಂದರೆ ಸೊಸೆ ಕೇಳಲಿಲ್ಲ, ವೀಳ್ಯ ಕೊಟ್ಟೇಬಿಟ್ಟಳು. ಮಾರನೆಯ ಬೆಳಗ್ಗೆ ಡೈರಿಯ ಹತ್ತಿರ ಹುಚ್ಚಮ್ಮನನ್ನು ಅಡ್ಡಗಟ್ಟಿದೆ.

"ಬಿಲ್ಲೆ ಪದ ನಮ್ಮನೇಲಿ ಬ್ಯಾಡ. ನಾನ್ ಗುಟ್ಟಾಗಿ ತವರಿಗೆ ಕೊಟ್ಟ ಜಡೆಬಿಲ್ಲೆ ವಿಷ್ಯ ನಿಮ್ಮವ್ವ ನಿಂಗೆ ಏನಂತ ಹೇಳವ್ಳೆ?"

ಹುಚ್ಚಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. "ಯಾವ ಜಡೆಬಿಲ್ಲೆ ಕಾಂತಮ್ಮಾರೆ? ನಾನ್ ಹೇಳೋದು ಕುಂಟೆಬಿಲ್ಲೆ. ಹೆಂಚಿನ ಚೂರು."

ಅವಳು ದೊಡ್ಡವಳಾದ ದಿನ, ಕುಣಿದದ್ದು ಸಾಕೆಂದು ಅವಳವ್ವ ಆಟದ ಬಿಲ್ಲೆಯನ್ನು ಬಾವಿಗೆ ಎಸೆದಳಂತೆ. ಎಷ್ಟೋ ವರ್ಷದ ಮೇಲೆ ಆ ಸಂಕಟ ನೆನೆದು ತಾನೇ ಪದ ಕಟ್ಟಿದ್ದಂತೆ.

"ಯಾರ್ ಯಾರ ಕಣ್ಣಲ್ಲಿ ನೀರು ಬತ್ತದೆ ಅಂತ ನೋಡ್ತೀನಿ ಕಣ್ರಮ್ಮ. ನಿಮ್ಮ ಮಖ ಮಾತ್ರ ಕಳ್ಳಿ ಮಖ ಆಯ್ತಿತ್ತು. ಯಾಕೋ ಅಂತಿದ್ದೆ."

ನಲವತ್ತು ವರ್ಷ ಬಚ್ಚಿಟ್ಟದ್ದನ್ನು ನನ್ನ ಬಾಯಿಂದ ನಾನೇ ಆಡಿಬಿಟ್ಟಿದ್ದೆ. ಯಾರಿಗೂ ಹೇಳುವುದಿಲ್ಲ ಎಂದಳು. ಅರ್ಧ ನಂಬಿದೆ.

ಆರತಿಯ ದಿನ ಹುಡುಗಿಯರು ಬಿಲ್ಲೆ ಪದ ಹೇಳಿ ಎಂದು ಪೀಡಿಸಿದರು. ಹುಚ್ಚಮ್ಮ ನನ್ನ ಕಡೆ ನೋಡಿ, ಮರೆತುಹೋಗಿದೆ ಎಂದಳು. ಇವತ್ತು ಮರೆತವಳಿಗೆ ನಾಳೆ ನೆನಪಾದರೆ? ಪಕ್ಕದಲ್ಲೇ ಕಮಲಾಕ್ಷಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹೆದರಿಕೆಗೋ ನಾಚಿಕೆಗೋ ತಿಳಿಯದು, ಬಗ್ಗಿ ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ.

ಎಲೆ ಅವಳ ಕೈಯಲ್ಲೇ ಉಳಿಯಿತು.

"ನಾನೇ ಕೆರೇಲಿ ಬೀಳಿಸ್ದೆ ಅಂತ್ಲೇ ಇಷ್ಟು ದಿನ ಅನ್ಕೊಂಡಿದ್ದೆ ಅತ್ತಿಗೆ."

ಎದ್ದು ಹೋಗಿ ಹುಚ್ಚಮ್ಮನ ಪಕ್ಕ ಕೂತಳು. ಅವರಿಬ್ಬರೂ ಏನು ಮಾತಾಡಿಕೊಂಡರೋ, ನನಗೆ ಕೇಳಿಸಲಿಲ್ಲ.