ಬಿದ್ದವನೂ ಬೀಳಿಸಿದವನೂ

ನಾನು ಮದುವೆಯಾಗಿ ಸದಲಗಾಕ್ಕೆ ಬಂದಾಗ ನನ್ನ ಮೈದುನ ಮನೆಯಲ್ಲಿರಲಿಲ್ಲ. ಪುಣೆ ಕಡೆಯ ಒಂದು ಕ್ರೀಡಾ ವಸತಿಶಾಲೆಯಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದ. ಅವನ ಮಾತು ಬಂದಾಗಲೆಲ್ಲ ಮಾವನವರ ಮುಖ ಗಂಟಾಗುತ್ತಿತ್ತು. ಅವರು ಒಂದು ಕಾಲಕ್ಕೆ ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದ ಪೈಲ್ವಾನರು. ಕುಸ್ತಿಯಲ್ಲಿ ಜಜ್ಜಿಹೋದ ಕಿವಿಗಳು ಮುದುಡಿ ಗಟ್ಟಿಯಾಗಿದ್ದವು. ಹಿರಿಯ ಮಗ, ಅಂದರೆ ನನ್ನ ಗಂಡ, ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಹಿಡಿದು ತಾಲೀಮು ಬಿಟ್ಟಿದ್ದರು. ಕಿರಿಯವನಾದರೂ ಮಣ್ಣಿಗಿಳಿಯುತ್ತಾನೆ ಎಂದು ಮಾವ ಕಾಯುತ್ತಿದ್ದರೆ ಅವನು ಕೈಗೆ ಗ್ಲೌಸ್ ಹಾಕಿಕೊಂಡ.

"ಕುಸ್ತಿಯೊಳಗ ಬೆನ್ನ ಮಣ್ಣಿಗೆ ಹತ್ತಿತಂದ್ರ ಹತ್ತಿತು, ಊರ ಮಂದಿಯೆಲ್ಲಾ ನೋಡ್ತಾರ. ಇದರಾಗ ಯಾವನೋ ಮೂಲ್ಯಾಗ ಕುಂತು ಚೀಟಿ ಮ್ಯಾಲ ಬರೀತಾನಂತ, ಇಂವ ಗೆದ್ದಾ ಅಂತ. ಇದ್ಯಾತರ ಆಟಾ?" ಎನ್ನುತ್ತಿದ್ದರು.

ಅವರಿಗೆ ಎದುರು ಮಾತಾಡುತ್ತಿದ್ದವರೆಂದರೆ ನಮ್ಮ ಮನೆ ಎದುರಿನ ದರ್ಜಿ ಚಾಚಾ ಒಬ್ಬರೇ. ಮಷಿನ್ ತುಳಿಯುವುದು ನಿಲ್ಲಿಸಿ, "ಪೈಲ್ವಾನರ, ಮಗಾ ಪೇಪರನ್ಯಾಗ ಬಂದಾನ. ನಿಮ್ಮ ಫೋಟೋ ಯಾವಾಗರೆ ಬಂದಿತ್ತೇನು?" ಎಂದು ಕೆಣಕುತ್ತಿದ್ದರು.

ಪೇಪರಿನಲ್ಲಿ ಬಂದದ್ದು ನಿಜ. ಎಲ್ಲೋ ಕಿರಿಯರ ಸ್ಪರ್ಧೆಯಲ್ಲಿ ಅವನಿಗೆ ಪದಕ ಬಂದಿತ್ತು. ಮೊದಲು ಕೊಲ್ಹಾಪುರದ ಮರಾಠಿ ಪತ್ರಿಕೆಯಲ್ಲಿ ಸಣ್ಣ ಸುದ್ದಿ, ಆಮೇಲೆ ಕನ್ನಡದಲ್ಲಿ ದೊಡ್ಡ ಸುದ್ದಿ. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅವನು ಸೋಲಿಸಿದ ಹುಡುಗರ ಸಂಖ್ಯೆ ಹೆಚ್ಚಾಗಿತ್ತು. ಚಿಕ್ಕೋಡಿಯ ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸ್ ಎದ್ದಿತು: "ಗಡಿನಾಡ ಹುಲಿಗೆ ಸ್ವಾಗತ." ಅದರಲ್ಲಿ ಅವನ ಮುಖ ಅವನದೇ, ತೋಳುಗಳು ಮಾತ್ರ ಬೇರೆ ಯಾರವೋ ಅನ್ನಿಸುವಂತಿದ್ದವು. ನಾನು ಕಲಿಸುತ್ತಿದ್ದ ಕನ್ನಡ ಶಾಲೆಯಲ್ಲಿ ಹೆಡ್‌ಮಾಸ್ತರರು ಪ್ರಾರ್ಥನೆ ಮುಗಿದ ಮೇಲೆ ಅವನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಮಕ್ಕಳೆಲ್ಲ ನನ್ನ ಕಡೆ ತಿರುಗಿ ನೋಡಿದರು. ನನಗೆ ಹೆಮ್ಮೆಯಾಯಿತು, ಜೊತೆಗೆ ಒಂದು ತರಹದ ಕಸಿವಿಸಿಯೂ ಆಯಿತು. ನಾನು ಅವನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ.

ರಜೆಗೆ ಬಂದ ಹುಲಿ ನೋಡಿದರೆ ಮೆತ್ತಗೆ ಮಾತಾಡುವ ಹುಡುಗ. ಬೆಳಿಗ್ಗೆ ದೂಧಗಂಗೆ ನದಿಯ ಸೇತುವೆಯ ತನಕ ಓಡಿ ಬರುತ್ತಿದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ನಾನು ರೊಟ್ಟಿ ಬಡಿಯುವುದನ್ನು ನೋಡುತ್ತ, "ವೈನಿ, ನಿಮ್ಮ ಕೈ ನನ್ನ ಕೈಗಿಂತ ಜೋರೈತಿ," ಎಂದು ನಗುತ್ತಿದ್ದ.

ಆ ರಜೆಯಲ್ಲೇ ನಿಪ್ಪಾಣಿಯಲ್ಲಿ ಅವನದೊಂದು ಪಂದ್ಯ ಇಟ್ಟರು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಒಂದು ಶಾಲೆಯ ಬಯಲಿನಲ್ಲಿ ಹಲಗೆ ಜೋಡಿಸಿ, ಸುತ್ತ ಹಗ್ಗ ಬಿಗಿದಿದ್ದರು. ಕುಸ್ತಿಗೆ ಬರುವಂತೆಯೇ ಜನ ಟ್ರ್ಯಾಕ್ಟರುಗಳಲ್ಲಿ ಬಂದಿದ್ದರು, ಹಲಗಿ ವಾದ್ಯ ಬಾರಿಸುವವರೂ ಬಂದಿದ್ದರು. "ನಾ ಬರೂದಿಲ್ಲ" ಎಂದಿದ್ದ ಮಾವನವರು ಎಲ್ಲರಿಗಿಂತ ಮೊದಲು ತಲೆಗೆ ಪಟಗಾ ಸುತ್ತಿಕೊಂಡು ಜೀಪಿನಲ್ಲಿ ಕುಳಿತಿದ್ದರು.

ಎದುರಾಳಿ ಕಾಗವಾಡದ ಕಡೆಯ ಹುಡುಗ, ಮಿರಜಿನಲ್ಲಿ ಕಲಿತವನು. ಗಂಟೆ ಹೊಡೆಯಿತು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಅಳೆಯುವಂತೆ ಸುತ್ತಿದರು. ನನ್ನ ಪಕ್ಕದ ಹೆಂಗಸು ಏನೋ ಕೇಳಿದಳು, ನಾನು ಅವಳತ್ತ ಒಂದು ಚೂರು ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಕಾಗವಾಡದ ಹುಡುಗ ಹಲಗೆಯ ಮೇಲೆ ಮಲಗಿದ್ದ. ಹಲಗಿಯ ಸದ್ದು, ಕೇಕೆ, ಗುಲಾಲು. ನನ್ನ ಮೈದುನನನ್ನು ಯಾರೋ ಹೆಗಲ ಮೇಲೆ ಎತ್ತಿಕೊಂಡರು. ಅಷ್ಟು ಎತ್ತರದಲ್ಲಿ ಕುಳಿತು ಅವನು ಕೆಳಗೆ ಬಿದ್ದವನನ್ನೇ ನೋಡುತ್ತಿದ್ದ.

ಮರುದಿನ ದರ್ಜಿ ಚಾಚಾ ಪೇಢೆ ಹಂಚಲು ಬಂದಾಗ ಮಾವ ಹೇಳಿದರು: "ಹೊಡ್ತ ಹತ್ತೂಕ್ಕಿಂತ ಮೊದಲ ಆ ಹುಡುಗನ ಮೊಣಕಾಲ ಮಡಚಿತ್ತು. ನಾ ಕಾಲ ನೋಡಾಂವ, ಕೈ ಅಲ್ಲ."

"ಅಂದ್ರ? ತಾನಽ ಬಿದ್ದಾ ಅಂತೀರೇನು?" ಚಾಚಾ ಸಿಟ್ಟಾದರು. "ಭುಜ ತಿರುಗಿದ್ದು ನೋಡೀರೇನು ನೀವು? ಆ ಹೊಡ್ತಕ್ಕ ಎಮ್ಮಿ ಬೀಳ್ತಿತ್ತು!"

ನನ್ನ ಗಂಡ ಹೊಸ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಿದ್ದರು. ಅದನ್ನು ನೋಡಿದರೆ ಜಗಳ ಬಗೆಹರಿಯುತ್ತದೆ ಎಂದು ಎಲ್ಲರೂ ಆ ಅಂಗೈಯಗಲದ ಪರದೆಯ ಮೇಲೆ ತಲೆ ಸೇರಿಸಿದರು. ಸರಿಯಾಗಿ ಆ ಕ್ಷಣಕ್ಕೆ ರೆಫರಿಯ ಬಿಳಿ ಅಂಗಿಯ ಬೆನ್ನು ಅಡ್ಡ ಬಂದಿತ್ತು. ಬೆನ್ನಿನ ಈಚೆ ನನ್ನ ಮೈದುನನ ಮೊಣಕೈ, ಆಚೆ ಬೀಳುತ್ತಿರುವ ಕಾಲುಗಳು. ನಡುವೆ ಏನಾಯಿತೋ ಆ ಬೆನ್ನಿಗೇ ಗೊತ್ತು. ಚಾಚಾ ನೋಡಿದಾಗ ನನಗೂ ಹೊಡೆತ ಕಾಣುತ್ತಿತ್ತು, ಮಾವ ನೋಡಿದಾಗ ಮೊಣಕಾಲು ಮಡಚಿದ್ದು ಕಾಣುತ್ತಿತ್ತು. ಒಬ್ಬಳೇ ಕುಳಿತು ನೋಡಿದರೆ ಎರಡೂ ಕಾಣುತ್ತಿರಲಿಲ್ಲ.

ಚಹಾದಂಗಡಿಗಳಲ್ಲಿ ಮಾತು ಬೇರೆಯೇ ದಿಕ್ಕು ಹಿಡಿಯಿತು. ಆ ಹುಡುಗನನ್ನು ಬೀಳಲಿಕ್ಕೆಂದೇ ಕರೆಸಿದ್ದರಂತೆ, ಫ್ಲೆಕ್ಸ್ ಹಾಕಿದವರೇ ಎಲ್ಲ ಹೊಂದಿಸಿದ್ದರಂತೆ. ಇದು ಮೈದುನನ ಕಿವಿಗೂ ಬಿತ್ತು. ಅವನು ಓಡಲು ಹೋಗುವುದನ್ನು ನಿಲ್ಲಿಸಿದ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಹಿತ್ತಿಲಿಗೆ ಬಂದು ನಿಂತ.

"ವೈನಿ, ಅವತ್ತ ಕೈಗೆ ಏನೂ ಅನಸಲಿಲ್ರಿ."

"ಏನಂದ್ರ?"

"ಹೊಡದೆ. ಆದ್ರ ಹತ್ತಿದ್ದು ಕೈಗೆ ತಿಳೀಲಿಲ್ಲ. ನಮ್ಮ ಕೋಚ್ ಹೇಳ್ತಾರ, ಭಾಳ ಚಲೋ ಹೊಡ್ತ ಬಿದ್ರ ಕೈಗೆ ಗೊತ್ತಽ ಆಗೂದಿಲ್ಲಂತ. ಆದ್ರ ಹುಸಿ ಹೋದ್ರೂ ಗೊತ್ತಾಗೂದಿಲ್ಲಲ್ರಿ?"

ಊರೆಲ್ಲ ಇವನು ಹುಲಿಯೋ ಅಲ್ಲವೋ ಎಂದು ವಾದಿಸುತ್ತಿದ್ದರೆ, ಉತ್ತರ ಗೊತ್ತಿರಬೇಕಾದ ಒಬ್ಬನೇ ಒಬ್ಬನಿಗೂ ಗೊತ್ತಿಲ್ಲ. "ಬಿದ್ದಾಂವನ್ನ ಕೇಳೋಣು ನಡಿ," ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು.

ರವಿವಾರ ಬಸ್ಸು ಬದಲಿಸುತ್ತ ಕಾಗವಾಡಕ್ಕೆ ಹೋದೆವು. ಮನೆಯಲ್ಲಿ ತವರಿಗೆ, ಅಥಣಿಗೆ, ಹೋಗಿ ಬರುತ್ತೇವೆಂದು ಹೇಳಿದ್ದೆ. ಆ ಹುಡುಗ ಅವರ ತೋಟದ ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಒಣಗಲು ದ್ರಾಕ್ಷಿ ಹರವುತ್ತಿದ್ದ. ನಮ್ಮನ್ನು ಕಂಡವನೇ ಕೈ ಒರೆಸಿಕೊಂಡು ಓಡಿಬಂದು ಮೈದುನನನ್ನು ತಬ್ಬಿಕೊಂಡ. ಅವನ ತಾಯಿ ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು ಮಾತಾಡುತ್ತ ಚಹಾ ಕೊಟ್ಟರು. ತಾಯಿಯ ಎದುರು ಅವನು, "ಏನ್ ಹೊಡ್ತ ರೀ ವೈನಿ ಇವಂದು! ಕಣ್ಣಾಗ ಕತ್ತಲಿ ಬಂತು," ಎಂದು ಹೊಗಳಿದ. ಮೈದುನನ ಮುಖ ಅರಳಿತು. ನನಗೂ ಎದೆ ಹಗುರಾಯಿತು.

ಬಸ್ಸಿಗೆ ಬಿಡಲು ಬರುವಾಗ ಮೈದುನನೇ ಮತ್ತೆ ಕೇಳಿದ. "ಖರೇ ಹೇಳೋ. ಯಾರರೆ ಬೀಳು ಅಂತ ಹೇಳಿದ್ರೇನು?"

ಹುಡುಗ ನಿಂತುಬಿಟ್ಟ. "ಆಯಿ ಆಣಿ ಮಾಡಿ ಹೇಳ್ತೀನಿ, ಯಾರೂ ಹೇಳಿಲ್ಲ. ಆದ್ರ ನಿನ್ನ ಜೋಡಿ ಆಡಬೇಕಾದಾಂವ ಬ್ಯಾರೆ ಇದ್ದಾ. ಅಂವ ಬರಲಿಲ್ಲ ಅಂತ ನನ್ನ ಕರದ್ರು. ನನ್ನ ತೂಕ ಜಾಸ್ತಿ ಇತ್ತು. ತೂಕ ಇಳಸಾಕ ಉಪಾಸ ಇದ್ದೆ, ನೀರೂ ಕುಡಿದಿದ್ದಿಲ್ಲ. ರಿಂಗಿಗೆ ಏರಿದಾಗಽ ಕಾಲ ನಡಗಾಕತ್ತಿದ್ವು. ನಿನ್ನ ಕೈ ಬಂದದ್ದು ಕಂಡೆ. ಆಮ್ಯಾಲ ನೋಡಿದ್ರ ಮಕ್ಕೊಂಡೀನಿ. ನೀ ಹೊಡದದ್ದಕ್ಕ ಬಿದ್ನೋ, ಹಸದು ಬಿದ್ನೋ, ನನಗೂ ತಿಳಿದಿಲ್ಲೋ."

ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ನಿಜ ತಿಳಿಯಲೆಂದು ಅಷ್ಟು ದೂರ ಹೋಗಿದ್ದೆವು, ನಿಜವೇ ಸಿಕ್ಕಿತು. ಆದರೆ ಮೊದಲಿಗಿಂತ ಹೆಚ್ಚು ತಲೆ ಕೆಟ್ಟಿತು. ಬಸ್ಸಿನಲ್ಲಿ ಮೈದುನ ಕಿಟಕಿಯ ಸರಳಿಗೆ ಹಣೆಯೊತ್ತಿಕೊಂಡು ಕುಳಿತಿದ್ದ. ಊರು ಹತ್ತಿರ ಬಂದಾಗ, "ಉಂಡು ಬಂದು ಆಡು ಅಂತ ಅವಂಗ ಹೇಳ್ಲೇನ್ರಿ?" ಎಂದ.

ಹೀಗೆ ಎರಡನೆಯ ಪಂದ್ಯ ಹುಟ್ಟಿತು. ಅದಕ್ಕೆ ಫ್ಲೆಕ್ಸ್ ಇರಲಿಲ್ಲ. ಕಾಗವಾಡದ ಹುಡುಗ ಹಿಂದಿನ ದಿನವೇ ನಮ್ಮ ಮನೆಗೆ ಬಂದ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿ ರೊಟ್ಟಿ, ಝುಣಕಾ, ಮೊಸರು ಬಡಿಸಿದೆ. ಮಾವನವರಿಗೆ ನಾವು ಎಲ್ಲಿಗೆ ಹೋಗಿದ್ದೆವೆಂದು ಆಗ ಹೇಳಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ. ಆ ಹುಡುಗನ ತಟ್ಟೆಗೆ ತಾವೇ ತುಪ್ಪ ಹಾಕಿದರು.

ಬೆಳಿಗ್ಗೆ ಊರ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಆಟ ನಡೆಯಿತು. ನೋಡಲು ಮಾವ, ದರ್ಜಿ ಚಾಚಾ, ಗಡಿಯಾರ ಹಿಡಿದ ನನ್ನ ಗಂಡ. ಹೆಂಗಸರು ಒಳಗೆ ಹೋಗುವ ಪದ್ಧತಿ ಇರಲಿಲ್ಲವಾದ್ದರಿಂದ ನಾನು ಬಾಗಿಲ ಹೊರಗೆ. ಕೆಂಪು ಮಣ್ಣಿನ ಮೇಲೆ ಮೂರು ಸುತ್ತು ಆಡಿದರು. ಈ ಸಲ ನಾನು ಕಣ್ಣು ಮಿಟುಕಿಸದೆ ನೋಡಿದೆ. ಉಸಿರಿನ ಸದ್ದು, ಗ್ಲೌಸ್ ಬಡಿದ ಸದ್ದು, ಅಷ್ಟೇ. ಮೈದುನನ ತುಟಿ ಒಡೆಯಿತು, ಆ ಹುಡುಗನ ಕಣ್ಣು ಊದಿತು. ಒಮ್ಮೆ ಇವನು ಗೋಡೆಯ ತನಕ ಹಿಂದೆ ಸರಿದ, ಒಮ್ಮೆ ಅವನು. ಇಬ್ಬರೂ ಬೀಳಲಿಲ್ಲ.

"ಆತ್ರೆಪಾ," ಎಂದು ನನ್ನ ಗಂಡ ಕೈಯೆತ್ತಿದರು. "ಯಾರ ಗೆದ್ರು?"

"ನಮ್ಮಾಂವ," ಎಂದರು ಮಾವ. ಒಂದು ಕ್ಷಣವೂ ತಡಮಾಡಲಿಲ್ಲ.

"ಏ, ಇಲ್ರಿ ಪೈಲ್ವಾನರ," ಚಾಚಾ ತಲೆಯಾಡಿಸಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾಗವಾಡದಾಂವ ಹೆಚ್ಚ ಹೊಡದಾ."

ನಾವೆಲ್ಲ ಬೆರಗಾಗಿ ಇಬ್ಬರು ಹಿರಿಯರ ಮುಖ ನೋಡಿದೆವು. ಇಷ್ಟು ದಿನ ನಂಬಿದ್ದವರು ಬಿಟ್ಟುಕೊಟ್ಟಿದ್ದರು, ನಂಬದಿದ್ದವರು ಹಟ ಹಿಡಿದಿದ್ದರು. ತಾಲೀಮಿನ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಮತ್ತೆ ಮೊದಲಿನಿಂದ ಶುರು ಮಾಡಿದರು. ಆಡಿದ ಹುಡುಗರು ಹೊರಗೆ ನಲ್ಲಿಯ ಕೆಳಗೆ ಮುಖ ತೊಳೆದುಕೊಳ್ಳುತ್ತ ನಗುತ್ತಿದ್ದರು. ಮೈದುನ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವನಿಗೆ ಏನೋ ತಿಳಿದಿತ್ತೋ, ಅಥವಾ ತಿಳಿಯಬೇಕೆಂಬ ಹಂಬಲವೇ ಹೋಗಿತ್ತೋ.

ಆ ವರ್ಷ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಹೋದ. ಎರಡನೆಯ ಆಟದಲ್ಲೇ ಸೋತು ಬಂದ. ಪೇಪರಿನವರು ಬರೆಯಲಿಲ್ಲ, ಫ್ಲೆಕ್ಸ್ ಹಾಕಿದವರು ಎದುರು ಸಿಕ್ಕರೆ ಮೊಬೈಲ್ ಕಿವಿಗೆ ಹಿಡಿಯತೊಡಗಿದರು. ಹೊಗಳಿದಾಗ ಅಷ್ಟು ಹೊಗಳಿದ ಊರೇ ಈಗ ಅವನಲ್ಲಿ ಏನೂ ಇರಲಿಲ್ಲ ಎಂದಿತು. ಅದೂ ಸರಿಯೆಂದು ನನಗೆ ಅನ್ನಿಸಲಿಲ್ಲ. ಅವನ ಒಡೆದ ತುಟಿಯನ್ನು ನಾನು ಕಂಡಿದ್ದೆ.

ಮುಂದೆ ಅವನು ಸೈನ್ಯಕ್ಕೆ ಸೇರಿದ. ಅಲ್ಲೂ ಕೆಲವು ವರ್ಷ ಆಡಿದ. ಗೆಲ್ಲುತ್ತಿದ್ದ, ಸೋಲುತ್ತಿದ್ದ, ಫೋನಿನಲ್ಲಿ ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದ. ಒಮ್ಮೆ ಬೆಳಗಾವಿಯಲ್ಲಿ ಅವನ ಆಟವಿತ್ತು. ಮಾವನವರಿಗೆ ಆಗಲೇ ಮಂಡಿನೋವು. ಯಾರನ್ನೂ ಕರೆಯದೆ ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆಗೆ ತಿರುಗಿ ಬಂದರು. ಕಾಲು ತೊಳೆದು ಊಟಕ್ಕೆ ಕುಳಿತರು. ನಾನು ರೊಟ್ಟಿ ಹಾಕುತ್ತ ಕೇಳಿದೆ.

"ಹೆಂಗಾತ್ರಿ ಮಾವಾರ ಆಟಾ?"

"ಚಂದ ಆಡ್ತಾನವ್ವಾ."

"ಗೆದ್ನೇನ್ರಿ ಹಂಗಾರ?"

"ಸೋತಾ." ರೊಟ್ಟಿ ಮುರಿದರು. "ಆದ್ರ ಚಂದ ಆಡ್ತಾನ. ಯಾಕ ಅಂತ ಕೇಳಬ್ಯಾಡ, ನನಗ ಹೇಳಾಕ ಬರೂದಿಲ್ಲ. ಮಜ್ಜಿಗಿ ಇದ್ರ ಹಾಕು."